ಕಾವು ಕೂತ ಗಾಡಿ

ಜೇಬಿನಲ್ಲಿ ಆಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ,
ಹಳೇ ಸ್ಪೀಕರಿನದು, ಬನಿಯನ್ ಚೂರಿನಲ್ಲಿ ಸುತ್ತಿದ್ದು.
ತಗಡಿದ್ದಲ್ಲಿ ಹಿಡಿಯುತ್ತದೆ, ಪುಟ್ಟಿ ಬಳಿದಲ್ಲಿ ಜಾರುತ್ತದೆ.
ವಾಸ್ಕೋದಿಂದ ಮಡಗಾಂವಿಗೆ ಒಂದು ಬಸ್ಸು, ಕುಡ್ತರಿಗೆ ಇನ್ನೊಂದು,
ಕೆರೆ ದಂಡೆಯಲ್ಲಿಳಿದು ಬಿಸಿಲಲ್ಲಿ ನಡಿಗೆ.

ಮೂವತ್ತೊಂದು ವರ್ಷ
ಊರ ಕುಂಡಿಗಳಿಗೆಲ್ಲ ಮೆತ್ತೆ ಹೊಲಿದವನು ನಾನು,
ಟ್ಯಾಕ್ಸಿ, ಟ್ರಕ್ಕು, ಒಮ್ಮೆ ಹಡಗಿನ ಕಪ್ತಾನನ ಕುರ್ಚಿ ಕೂಡ.
ಒಂದೂ ನನ್ನದಲ್ಲ. ನನ್ನದೊಂದು ಸೈಕಲ್ಲು,
ಅದರ ಸೀಟು ಹರಿದಿದೆ.

ದೋನಾ ಎರ್ಮೆಲಿಂದಾ ಫುರ್ತಾದೊ ಬಾಗಿಲು ತೆಗೆಯಲಿಲ್ಲ,
ಕಿಟಕಿಯಿಂದಲೇ ಬೆರಳು ತೋರಿದಳು: ಹಿತ್ತಲಿಗೆ.

ಹಲಸಿನ ಮರದಡಿ ಮೋರಿಸ್ ಮೈನರ್,
ಐವತ್ತೆಂಟರದು, ಹಾಲು ಹೆಚ್ಚಾದ ಚಹಾದ ಬಣ್ಣ.
ಹಿಂದಕ್ಕೆ ಮಡಚುವ ಟಾಪು ಅರ್ಧದಲ್ಲೇ ಸಿಕ್ಕಿ
ಹದಿನೇಳು ವರ್ಷದಿಂದ ಹಾಗೇ ಇದೆ,
ಆಕಳಿಸಿದ ಬಾಯಿ ಮುಚ್ಚಲು ಮರೆತಂತೆ.

ಬಾನೆಟ್ಟಿಗೆ ಹಿಡಿದೆ: ಟಕ್.
ಮುಂದಿನ ಮಡ್‌ಗಾರ್ಡು: ಟಕ್.
ಎಡ ಬಾಗಿಲ ಕೆಳಗೆ ಸುಮ್ಮನೆ ಜಾರಿ ಹುಲ್ಲಿಗೆ ಬಿತ್ತು.
ಮಂಡಿಯೂರಿ ಸ್ಕ್ರೂಡ್ರೈವರಿನಿಂದ ಒತ್ತಿದೆ,
ನೆನೆಸಿದ ಅವಲಕ್ಕಿಗೆ ಬೆರಳಿಟ್ಟಷ್ಟು ಸಲೀಸಾಗಿ ಒಳಹೋಯಿತು.
ಮೇಲೆ ಸೂರಿಲ್ಲದ ಗಾಡಿಗೆ ನೆಲವೇ ಬೆನ್ನುಹುರಿ;
ಅದು ಹೋಯಿತೆಂದರೆ, ಜಾಕ್ ಕೊಟ್ಟು ಎತ್ತಿದಾಗ
ನಡು ಬಾಗುತ್ತದೆ, ಬಾಗಿಲು ಮತ್ತೆ ಹಾಕಿಕೊಳ್ಳುವುದಿಲ್ಲ.
ವೆಲ್ಡಿಂಗಿಗೇ ನಲವತ್ತು ಸಾವಿರ, ಮನಸ್ಸಲ್ಲೇ ಬರೆದುಕೊಂಡೆ.
ಇಂಜಿನ್ನು ತಿರುಗುತ್ತಿಲ್ಲ, ಅದರ ಲೆಕ್ಕ ದೇವರಿಗೆ ಬಿಟ್ಟೆ.
ಹಿಂದಿನ ಸೀಟಿನೊಳಗೆ ಕೈ ಹಾಕಿದೆ.
ಕುಟುಕಿತು.

ಕೆಂಚು ಹೇಂಟೆ.
ತೆಂಗಿನ ನಾರು, ಕಿತ್ತ ಸ್ಪಂಜು, ನನ್ನ ಕಸುಬಿನ ಸರಂಜಾಮೆಲ್ಲ
ಕೂಡಿಸಿ ಗೂಡು ಮಾಡಿ ಕೂತಿದೆ ಮೊಟ್ಟೆಗಳ ಮೇಲೆ.
ನಾನು ಮಾಡಿಕೊಟ್ಟ ಯಾವ ಸೀಟಿನಲ್ಲೂ
ಯಾರೂ ಅಷ್ಟು ನೆಮ್ಮದಿಯಾಗಿ ಕೂತದ್ದು ಕಂಡಿಲ್ಲ.

ಬೆರಳ ರಕ್ತ ಚೀಪುತ್ತ ಟಾಪಿನ ಅಂಚು ಮಗುಚಿದೆ.
ಕ್ಯಾನ್ವಾಸು ಜಾಳಾಗಿದೆ, ಹೊಲಿಗೆ ಮಾತ್ರ ಬಿಟ್ಟಿಲ್ಲ:
ಜೋಡಿ ದಾರ, ಜೇನುಮೇಣ ಸವರಿದ್ದು,
ಮೂಲೆಗೆ ಬಂದಾಗ ಮೂರು ಹೆಜ್ಜೆ ಹಿಂದೆ, ಮತ್ತೆ ಮುಂದೆ.
ಹಾಗೆ ಹೊಲಿಯುತ್ತಿದ್ದವರು ಒಬ್ಬರೇ, ನಮ್ಮ ಇನಾಸ್ ಮೇಸ್ತ್ರಿ.
ಬಲ ಮೂಲೆಯಲ್ಲಿ ಮಾತ್ರ ಹೆಜ್ಜೆ ನಾಲ್ಕು, ಅಡ್ಡಾದಿಡ್ಡಿ.
ಅದು ನನ್ನದು.
ನರಗುಂದದಿಂದ ಬಂದ ವರ್ಷ, ವಯಸ್ಸು ಹದಿನಾರು.
ಬಿಚ್ಚಿ ಮತ್ತೆ ಹೊಲಿ ಅಂದಿದ್ದರು.
ಹೊಲಿದೆ ಅಂದಿದ್ದೆ.

ಹೇಳಿದರೆ ಬೆಲೆ ಏರುತ್ತದೆ. ಹೇಳಲಿಲ್ಲ.

ಅವಳು ಹೊರಬಂದಳು, ಕೈಯಲ್ಲಿ ನುಚ್ಚಿನ ತಟ್ಟೆ.
ಎಪ್ಪತ್ತು ಅಂದಳು. ನಲವತ್ತು ಅಂದೆ.
ಗಂಡ ಮಳೆಯಲ್ಲಿ ಒಮ್ಮೆಯೂ ಹೊರಗೆ ತೆಗೆದವನಲ್ಲ ಅಂದಳು.
ನೆಲವೆಲ್ಲ ತೂತು ಅಂದೆ. ಗೊತ್ತು, ಅರವತ್ತೈದು.
ಆಗ ನನ್ನ ಬಾಯಿ ತಾನೇ ತೆರೆಯಿತು:
"ಟಾಪಂತೂ ಕೆಲಸಕ್ಕೆ ಬಾರದ್ದು ಬಾಯಿ,
ಹೊಲಿದವನಿಗೆ ಸೂಜಿ ಹಿಡಿಯಲೂ ಬರುತ್ತಿರಲಿಲ್ಲ."

ಹುಂಜವಲ್ಲ, ಹೇಂಟೆ. ಕೂಗಲಿಲ್ಲ.
ಒಂದು ಕಣ್ಣಿಂದ ನೋಡಿತು ಅಷ್ಟೆ.

"ಐವತ್ತು," ಅಂದಳು. ಅಷ್ಟು ಬೇಗ ಇಳಿದದ್ದು ನನಗೇ ಸೇರಲಿಲ್ಲ.
"ಆದರೆ ಈಗಲ್ಲ. ಕಾವಿಗೆ ಕೂತು ಒಂಬತ್ತು ದಿನ.
ಮರಿಯಾಗಲಿ, ಆಮೇಲೆ ಎಳೆದುಕೊಂಡು ಹೋಗು."

ಇಪ್ಪತ್ತೊಂದರಲ್ಲಿ ಒಂಬತ್ತು ಕಳೆದರೆ ಹನ್ನೆರಡು.
ಐವತ್ತರಲ್ಲಿ ಹದಿನೆಂಟು ಕೈಯಲ್ಲಿದೆ.

ಶಿವಗಂಗಾಗೆ ಫೋನು ಹಚ್ಚಿದೆ.
"ಮ್ಯಾಲ ಏನೂ ಇಲ್ಲದ ಗಾಡಿನಾ? ಮಳಿ ಬಂದ್ರ?"
"ಹೊಲಿತೀನಲ್ಲ."
"ಮೊದಲ ಆ ಸೈಕಲ್ ಸೀಟ ಹೊಲೀರಿ,"
ಅಂದು, ಸ್ವಲ್ಪ ಸುಮ್ಮನಿದ್ದು ಕೇಳಿದಳು:
"ಬಣ್ಣ ಯಾವುದು?"

ಬಸ್ಸಿನಲ್ಲಿ ಮುಂದಿನ ಸೀಟಿನ ರೆಕ್ಸಿನ್ನು ಹರಿದಿತ್ತು.
ಬೆರಳು ಅದರ ಅಂಚಿಗೆ ತಾನೇ ಹೋಯಿತು:
ಮೂರು ಹಿಂದೆ. ಮುಂದೆ. ಮೂರು ಹಿಂದೆ.
ಆಯಸ್ಕಾಂತ ಹುಲ್ಲಲ್ಲೇ ಬಿಟ್ಟದ್ದು
ಮಡಗಾಂವಿನಲ್ಲಿ ನೆನಪಾಯಿತು.
ಇರಲಿ.
ಹೇಗೂ ಹೋಗಬೇಕಲ್ಲ.